ಭಾವಮೈದುನನ ಡ್ರಿಲ್ಲು

ಹಳೇ ಹಾಯಿದೋಣಿ ಕೊಳ್ಳುವವರು ವಯಸ್ಸು ಆಮೇಲೆ ಕೇಳಲಿ, ಮೊದಲು ಊರು ಕೇಳಲಿ. ಫ್ಲಾರಿಡಾದ ಫೈಬರ್‌ಗ್ಲಾಸ್ ದೋಣಿಗೆ ವರ್ಷವಿಡೀ ಬಿಸಿಲು. ಮೇಣ ಹಚ್ಚುವುದನ್ನು ನಾಲ್ಕು ವರ್ಷ ಮರೆತರೆ ಹೊಳಪು ಸತ್ತು, ಕೈಯಾಡಿಸಿದಲ್ಲೆಲ್ಲ ಬಿಳಿ ಪುಡಿ ಅಂಟುತ್ತದೆ. ಹಾಯಿಯಲ್ಲೂ ಅಷ್ಟೇ, ಬಟ್ಟೆ ಗಟ್ಟಿ ಇರುವಾಗಲೇ ಹೊಲಿಗೆಯ ದಾರ ಬಿಟ್ಟುಕೊಳ್ಳುತ್ತದೆ. ಅಮೆರಿಕದ ಉತ್ತರದ ಚಳಿಯೂರು ಮಿಲ್ವಾಕಿಯಲ್ಲಿರುವ ನಮ್ಮ ದೋಣಿ 1981ರದ್ದು, ನನ್ನ ಭಾವಮೈದುನನಿಗಿಂತ ದೊಡ್ಡದು. ನೋಡೋಕೆ ಮಾತ್ರ ಅವನಿಗಿಂತ ಲಕ್ಷಣವಾಗಿದೆ. ಮಿಶಿಗನ್ ಸರೋವರದಲ್ಲಿ ಅದರ ದುಡಿಮೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆಮೇಲೆ ದಡ ಹತ್ತಿ, ಮುಸುಕು ಹೊದ್ದು ನಿದ್ದೆ. ಅಂಥ ನೌಕರಿ ನಮಗೆಲ್ಲಿ ಸಿಗಬೇಕು!

ಭಾವಮೈದುನ ದೋಣಿಗೆ ಅರ್ಧ ಪಾಲುದಾರ. "ಇಲ್ಲಿ ಉಪ್ಪು ನೀರೇ ಇಲ್ಲ ಭಾವ, ದೋಣಿಗೆ ಏನೂ ಆಗಲ್ಲ" ಅನ್ನುವುದು ಅವನ ಸಿದ್ಧಾಂತ. ಕುಂದಾಪುರದ ನಮ್ಮ ಮಾವ ಫೋನಿನಲ್ಲಿ ಇದನ್ನು ಕೇಳಿ ನಕ್ಕುಬಿಟ್ಟರು. ಮರದ ದೋಣಿಗೆ ಮೀನೆಣ್ಣೆ ತಿಕ್ಕಿ ಬೆಳೆದ ಕೈ ಅವರದು. "ಉಪ್ ನೀರ್ ಎಂತ ಮಾಡುದಿಲ್ಲ ಮಾರಾಯಾ. ಮಳಿ ನೀರ್ ನಿಂತ್ರೆ ಮರ ಕುಂಬಾತ್ತ್" ಅಂದರು. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ, ಸಿಹಿನೀರು ಪಾಯಸ. ಮಳೆಗಾಲಕ್ಕೆ ಮುಂಚೆ ದೋಣಿಯನ್ನು ಮೇಲೆಳೆದು ಮಡಲಿನ ಚಪ್ಪರ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

"ನಮ್ಮದು ಫೈಬರ್ ಅಲ್ವಾ ಭಾವ?" ಫೈಬರ್ ಹೌದು. ಆದರೆ ಆ ಕಾಲದ ಎಷ್ಟೋ ದೋಣಿಗಳಂತೆ ನಮ್ಮದರ ಡೆಕ್ಕಿನಲ್ಲೂ, ಅಂದರೆ ನಾವು ಓಡಾಡುವ ಮೇಲ್ಹಾಸಿನಲ್ಲೂ, ಎರಡು ಫೈಬರ್ ಪದರದ ನಡುವೆ ಬಾಲ್ಸಾ ಮರದ ತುಂಡುಗಳಿವೆ. ಒಂದು ಸ್ಕ್ರೂ ತೂತಿನಿಂದ ಮಳೆನೀರು ಇಳಿದರೆ ಸಾಕು. ಅಲ್ಲೇ ನಿಂತು ಚಳಿಗಾಲದಲ್ಲಿ ಮಂಜುಗಡ್ಡೆಯಾಗಿ ಶೇ. 9ರಷ್ಟು ಹಿಗ್ಗಿ, ಅಂಟಿದ ಪದರಗಳನ್ನು ಬಿಡಿಸುತ್ತದೆ. ವಸಂತದಲ್ಲಿ ಕರಗಿ ಇನ್ನಷ್ಟು ಒಳಗೆ ಹೋಗುತ್ತದೆ. ಭಾವಮೈದುನನಿಗೋ ಡ್ರಿಲ್ ಅಂದರೆ ಪ್ರಾಣ. ಡೆಕ್ಕಿನ ಮೇಲೆ ಫೋನ್ ಸ್ಟ್ಯಾಂಡು, ಪುಟ್ಟ ಫ್ಯಾನು, ಕಾಫಿ ಲೋಟ ಇಡುವ ಬಳೆ. ಒಂದೊಂದಕ್ಕೂ ನಾಲ್ಕು ಸ್ಕ್ರೂ.

ಹೋದ ಅಕ್ಟೋಬರಿನಲ್ಲಿ ಚಳಿಗೆ ಹೆಪ್ಪುಗಟ್ಟಿ ಪೈಪು ಸೀಳದಿರಲೆಂದು ನೀರಿನ ಪೈಪುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ತುಂಬಿಸುವ ಕೆಲಸವನ್ನೂ ಅವನೇ ವಹಿಸಿಕೊಂಡ. ಪ್ರತಿ ನಲ್ಲಿಯಲ್ಲೂ ಗುಲಾಬಿ ಬರುವವರೆಗೆ ಪಂಪು ಮಾಡಬೇಕು. ಅಡುಗೆ ನಲ್ಲಿಯಲ್ಲಿ ಗುಲಾಬಿ ಬಂದಿದ್ದೇ ಫೋಟೋ ತೆಗೆದು ಗ್ರೂಪಿಗೆ ಹಾಕಿದ, ಚಪ್ಪಾಳೆಗಳೂ ಬಂದವು. ಟಾಯ್ಲೆಟ್ಟಿನ ಪುಟ್ಟ ಬೇಸಿನ್ನಿಗೂ ಒಂದು ನಲ್ಲಿ ಇದೆ ಅನ್ನುವುದು ಮೇ ತಿಂಗಳಲ್ಲಿ ನೆನಪಾಯಿತು. ಟ್ಯಾಂಕು ತುಂಬಿಸಿ ಪಂಪ್ ಹಾಕಿದರೆ, ಸೀಳಿದ ಪೈಪಿನಿಂದ ನೀರು ಚಿಮ್ಮಿ ನೇರ ಹಾಸಿಗೆಗೆ. ಹಾಸಿಗೆಗೆ ಅದರಿಂದ ನಷ್ಟವೇನೂ ಆಗಲಿಲ್ಲ ಬಿಡಿ. ಮುಸುಕಿನೊಳಗೆ ಗಾಳಿಯಾಡದೆ ಮೊದಲೇ ಕಪ್ಪು ಬೂಷ್ಟು ಹಿಡಿದಿತ್ತು.

ಆಮೇಲೆ ದೋಣಿ ಪರೀಕ್ಷಕರು ಬಂದರು. ಅವರ ಮುಖ್ಯ ಆಯುಧ ಒಂದು ಪ್ಲಾಸ್ಟಿಕ್ ಸುತ್ತಿಗೆ. ಸಂತೆಯಲ್ಲಿ ಹಲಸಿನ ಹಣ್ಣು ಬಡಿದು ನೋಡುವ ಹಾಗೆ ಡೆಕ್ಕನ್ನು ಅಂಗುಲ ಅಂಗುಲ ಬಡಿಯುತ್ತ ಹೋದರು. ಟಕ್, ಟಕ್, ಟಕ್. ಕಾಫಿ ಲೋಟದ ಬಳೆಯ ಹತ್ತಿರ ಬಂದಾಗ ದೊಬ್. ಸ್ಕ್ರೂ ತೆಗೆದರೆ ಅದರ ಹಿಂದೆಯೇ ಕಂದು ನೀರು, ಜೊತೆಗೆ ಕಾಫಿ ಚರಟದಂಥ ಮರದ ಹಿಟ್ಟು. ಫ್ಯಾನಿನ ಹತ್ತಿರವೂ ದೊಬ್. ಭಾವಮೈದುನ ಸರೋವರದ ಕಡೆ ಮುಖ ಮಾಡಿ ನಿಂತ.

ಕೊಳೆತ ಭಾಗ ಕೆತ್ತಿ ತೆಗೆದು, ಒಣಗಿಸಿ, ಹೊಸ ಬಾಲ್ಸಾ ಕೂರಿಸಿ, ಎಪಾಕ್ಸಿ ಅಂಟು ತುಂಬಿಸುವಷ್ಟರಲ್ಲಿ ಜುಲೈ ಬಂತು. ಮಾವನಿಗೆ ಫೋಟೋ ಕಳಿಸಿದೆ. "ಮೀನೆಣ್ಣೆ ಕಳ್ಸುದಾ?" ಅಂತ ಉತ್ತರ. ಮೊನ್ನೆ ಭಾನುವಾರ ಭಾವಮೈದುನ ಒಂದು ಪುಟ್ಟ ಗಣಪತಿ ವಿಗ್ರಹ ತಂದ. ಗಾಳಿಗೆ ಬೀಳಬಾರದಲ್ಲ, ಕಂಬದ ಬುಡದಲ್ಲಿ ಎರಡೇ ಎರಡು ಸ್ಕ್ರೂ ಹಾಕೋಣ ಅಂದ. ಗಣಪತಿಯನ್ನು ಡಬಲ್ ಟೇಪಿನಲ್ಲಿ ಪ್ರತಿಷ್ಠಾಪಿಸಿದ್ದೇನೆ. ಡ್ರಿಲ್ಲು ನನ್ನ ಕಾರಿನ ಡಿಕ್ಕಿಯಲ್ಲಿದೆ.