ಏಳರಾಟ

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಮಾವನದ್ದು ಶಾಮಿಯಾನ, ಪಾತ್ರೆ ಬಾಡಿಗೆಯ ಅಂಗಡಿ. ಯಾರ ಮನೆ ಮದುವೆಗೆ ಎಷ್ಟು ಕೊಪ್ಪರಿಗೆ ಹೋಯಿತು, ಎಷ್ಟು ಸೌಟು ವಾಪಸ್ ಬರಲಿಲ್ಲ ಎಂಬ ಲೆಕ್ಕಕ್ಕೆ ಎಂಎಸ್ ಆಕ್ಸೆಸ್‌ನಲ್ಲಿ ಡೇಟಾಬೇಸ್ ಮಾಡಿಕೊಟ್ಟವನು ನಾನು. ಸಂಬಳ ಇಲ್ಲ, ಹೋದಾಗಲೆಲ್ಲ ಗೋಳಿಬಜೆ ಉಂಟು.

ರಾತ್ರಿ ಒಂದು ಬಟನ್ ಒತ್ತಿದರೆ ಲೆಕ್ಕದ ಫೈಲಿನ ಕಾಪಿ ಡೆಸ್ಕ್‌ಟಾಪಿಗೆ ಬಂದು ಕೂರುತ್ತದೆ. ಮಾವ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಅಂಗಡಿಯ ಹುಡುಗನಿಗೋ ಸ್ವಚ್ಛತೆಯ ಹುಚ್ಚು. ನೆಲ ಗುಡಿಸಿದ ಕೈಯಲ್ಲೇ ಡೆಸ್ಕ್‌ಟಾಪನ್ನೂ ಗುಡಿಸುತ್ತಾನೆ. ಎರಡು ಸಲ ಕಾಪಿ ಹೋಯಿತು.

ಆಕ್ಸೆಸ್‌ನಲ್ಲಿ ಕೋಡು ಬರೆಯುವ ಭಾಷೆಯಾದ ವಿಬಿಎಯಲ್ಲಿ, ಫೈಲಿನ ಗುಣ ಬದಲಿಸಲು ಸೆಟ್‌ಆಟ್ರ್ ಎಂಬ ಆಜ್ಞೆಯೊಂದಿದೆ. ಫೈಲಿನ ಹೆಸರು ಕೊಟ್ಟು ಪಕ್ಕದಲ್ಲಿ ಅಂಕಿ ಬರೆದರೆ ಆಯಿತು. 1 ಎಂದರೆ ಓದಬಹುದು, ತಿದ್ದುವ ಹಾಗಿಲ್ಲ. 2 ಎಂದರೆ ಅಡಗಿದ್ದು. 4 ಎಂದರೆ ಸಿಸ್ಟಂ ಫೈಲ್. ಎಲ್ಲ ಬೇಕಿದ್ದರೆ ಕೂಡಿಸುವುದು. ದುರಾಸೆಗೆ 7 ಎಂದು ಬರೆದೆ. ಏಳು ಕಂಡಾಗಲೇ ಏಳರಾಟದ ಶನಿ ನೆನಪಾಗಬೇಕಿತ್ತು.

ರಾತ್ರಿಯೇ ಫೋನು. "ಎಂತ ಮಾರಾಯ, ಫೈಲೇ ಕಾಣುದಿಲ್ಲ!"

"ಕಾಣಬಾರದು ಅಂತಲೇ ಮಾಡಿದ್ದು ಮಾವ."

"ಮತ್ತೆ ನಾನು ಪೆನ್‌ಡ್ರೈವಿಗೆ ಎಂತ ಹಾಕುದು?"

ಇದನ್ನು ನಾನು ಯೋಚಿಸಿರಲಿಲ್ಲ.

ಮರುದಿನ ಇನ್ನೊಂದು. ಹೊಸ ಕಾಪಿ ಮಾಡುವ ಮೊದಲು ಹಳೆಯದು ಇದೆಯೇ ಎಂದು, ಫೈಲು ಹುಡುಕಿಕೊಡುವ ಡಿರ್ ಎಂಬ ಆಜ್ಞೆ ಬಳಸಿ ನೋಡಿ, ಇದ್ದರೆ ಬೀಗ ತೆಗೆಯಲು ಬರೆದಿದ್ದೆ. ಆದರೆ ಅಡಗಿದ್ದನ್ನೂ ನೋಡು ಎಂದು ಬಿಡಿಸಿ ಹೇಳದಿದ್ದರೆ ಡಿರ್‌ಗೆ ಅದು ಕಾಣಿಸುವುದಿಲ್ಲ. ಹಳೆಯದು ಇಲ್ಲವೆಂದು ತಿಳಿದು ನೇರ ಕಾಪಿಗೆ ಹೋದ ಕೋಡು, ನಾನೇ ಹಾಕಿದ ಬೀಗಕ್ಕೆ ತಲೆ ಹೊಡೆಸಿಕೊಂಡು ಬಿತ್ತು. ನಮ್ಮ ಅತ್ತೆಯೂ ಹೀಗೇ. ಹಲಸಿನ ಹಪ್ಪಳದ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟದಲ್ಲಿ ಅಡಗಿಸಿ, ಆಟಿಯ ಮಳೆಯಲ್ಲಿ ತಾವೇ ಹುಡುಕುತ್ತಾರೆ.

ಅಂಗಡಿಗೇ ಹೋದೆ. ಅಡಗಿದ ಫೈಲುಗಳನ್ನು ತೋರಿಸು ಎಂದು ಟಿಕ್ ಹಾಕಿದೆ. ಇಲ್ಲ. 4 ಸೇರಿಸಿದ್ದೆನಲ್ಲ, ಸಿಸ್ಟಂ ಫೈಲುಗಳದ್ದು ಬೇರೆಯೇ ಟಿಕ್, ಅದನ್ನು ತೆಗೆಯಬೇಕು. ಅಷ್ಟು ಹೊತ್ತಿಗೆ ಮಾವ ಮೂರು ಸಲ ಗಡಿಯಾರ ನೋಡಿದ್ದರು. ಕೊನೆಗೂ ಫೈಲು ಮಸುಕಾಗಿ ಮುಖ ತೋರಿಸಿತು. ಸೆಟ್‌ಆಟ್ರ್‌ಗೆ ಸೊನ್ನೆ ಕೊಟ್ಟೆ. ಎಲ್ಲ ಬೀಗ ಬಿಚ್ಚಿ, ಫೈಲು ಡೆಸ್ಕ್‌ಟಾಪಿನ ನಡುವೆ ಮದುಮಗನಂತೆ ಕೂತಿತು.

ಆ ಖುಷಿಗೆ ಮಾವ ಹೋಟೆಲಿಗೆ ಕರೆದುಕೊಂಡು ಹೋದರು. ತಿಂದು ಬಂದಾಗ ಹುಡುಗ ಬಾಗಿಲಲ್ಲೇ ನಿಂತಿದ್ದ.

"ಅಣ್ಣ, ಎಂತದೋ ಹೊಸ ಫೈಲ್ ಬಂದಿತ್ತು, ವೈರಸ್ಸೇ ಇರ್ಬೇಕು. ತೆಗ್ದೆ. ಕಸದಬುಟ್ಟಿಯನ್ನೂ ಖಾಲಿ ಮಾಡಿದ್ದೇನೆ."