ಚಟ್ನಿ ನಿಪ್ಪಾಣಿ ದಾಟಿದರೆ

ನಮ್ಮ ದೇಶದ ತೆರಿಗೆ ಕಾನೂನಿನ ಕಣ್ಣಿಗೆ ಶೇಂಗಾ ಚಟ್ನಿಪುಡಿ ಮಹಾರಾಷ್ಟ್ರದ ಗಡಿಯಲ್ಲಿರುವ ಕಾಗಲ್ ತನಕ ಒಂದು ವಸ್ತು, ಗಡಿ ದಾಟಿ ಕರ್ನಾಟಕದ ನಿಪ್ಪಾಣಿಯಲ್ಲಿ ಬೇರೆಯೇ ವಸ್ತು. ಮುಂಬೈಯಲ್ಲಿ ಕುಟ್ಟಿದ ಪುಡಿಯನ್ನು ಪುಣೆ, ಸಾತಾರಾ, ಕೊಲ್ಹಾಪುರ ದಾಟಿಸಿ ಕಾಗಲ್‌ನಲ್ಲಿ ಇಳಿಸಿದರೆ ಅದು ಗೃಹಿಣಿಯ ಕೈರುಚಿ. ಅದೇ ಟೆಂಪೊ ಇನ್ನರ್ಧ ಗಂಟೆ ಮುಂದೆ ಓಡಿ ನಿಪ್ಪಾಣಿ ಮುಟ್ಟಿತೋ, ಅದು ಅಂತರರಾಜ್ಯ ಪೂರೈಕೆ. ಕಾಗಲ್‌ನ ಗಿರಾಕಿಗಾದರೆ ವರ್ಷಕ್ಕೆ 40 ಲಕ್ಷ ರೂಪಾಯಿಯ ಪುಡಿ ಮಾರುವ ತನಕ ಜಿಎಸ್‌ಟಿ ಇಲಾಖೆಗೆ ನಿಮ್ಮ ಹೆಸರೂ ಬೇಕಿಲ್ಲ. ನಿಪ್ಪಾಣಿಯ ಗಿರಾಕಿಗೆ ಮೊದಲ ಪೊಟ್ಟಣ ಕಳಿಸುವ ಮೊದಲೇ ನೋಂದಣಿ ಆಗಿರಬೇಕು. ಕಾಯಿದೆಯ 24ನೇ ಸೆಕ್ಷನ್ ಹಾಗೆ ಹೇಳುತ್ತದೆ, ಮತ್ತು ಅದರ ದನಿಯಲ್ಲಿ ಒಂದಿಷ್ಟೂ ಸಂಕೋಚವಿಲ್ಲ.

ಮುಲುಂಡ್‌ನ ನಮ್ಮ ಸೊಸೈಟಿಯ ಮೂರನೇ ಮಹಡಿಯಲ್ಲಿರುವ ಧಾರವಾಡದ ಕಾಕುಗೆ ಇದನ್ನು ತಿಳಿಸಿ ಹೇಳುವ ಪುಣ್ಯ ನನ್ನ ಪಾಲಿಗೆ ಬಂತು. ಅವರ ಸೊಸೆ ಐಟಿಯವಳು. ಒಂದು ಸಂಜೆ ಕುಕ್ಕರ್ ಮೂರು ಸೀಟಿ ಹೊಡೆಯುವುದರೊಳಗೆ ಅತ್ತೆಯ ಹೆಸರಿನಲ್ಲಿ ಆನ್‌ಲೈನ್ ಅಂಗಡಿ ತೆರೆದುಕೊಟ್ಟಿದ್ದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ, ಹಪ್ಪಳ, ಸಂಡಿಗೆ. ಎಲ್ಲದಕ್ಕೂ ಫೋಟೊ, ಎಲ್ಲದಕ್ಕೂ ಬೆಲೆ. ಕೊನೆಗೆ ‘ಎಲ್ಲೆಲ್ಲಿಗೆ ಕಳಿಸುತ್ತೀರಿ?’ ಎಂಬ ಪ್ರಶ್ನೆ ಬಂತು. ಸೊಸೆ ‘ಇಡೀ ಭಾರತ’ ಎಂದು ಟಿಕ್ ಮಾಡಿದಳು. ದೇಶಪ್ರೇಮ ಅಂತಲ್ಲ, ಕಾಕುವಿನ ಬಳಗವೆಲ್ಲ ಹುಬ್ಬಳ್ಳಿ-ಧಾರವಾಡದಲ್ಲೇ ಇದೆ.

“ಅಲ್ಲೋ ತಮ್ಮಾ, ಗಡಚಿರೋಲಿಗೆ ಕಳಸಾಕ ಏನೂ ಬ್ಯಾಡ, ನಿಪ್ಪಾಣಿಗೆ ಕಳಸಾಕ ಸರಕಾರ ಬೇಕಾತೇನು?” ಅಂದರು ಕಾಕು. ಗಡಚಿರೋಲಿ ಮುಂಬೈಯಿಂದ 900 ಕಿಲೋಮೀಟರಿಗೂ ಹೆಚ್ಚು ದೂರ, ಛತ್ತೀಸಗಢದ ಸೆರಗಿನಲ್ಲಿದೆ. ಆದರೆ ಮಹಾರಾಷ್ಟ್ರದಲ್ಲಿದೆ. ತೆರಿಗೆಯ ನಕಾಶೆಯಲ್ಲಿ ಕಿಲೋಮೀಟರುಗಳಿಲ್ಲ, ಎರಡೆರಡು ಅಂಕಿಗಳಿವೆ: ಮಹಾರಾಷ್ಟ್ರ 27, ಕರ್ನಾಟಕ 29, ಗೋವಾ 30. ವಾಸ್ಕೋದಲ್ಲಿರುವ ನಮ್ಮವರು ರೊಟ್ಟಿಯ ಜೊತೆ ಒಂದು ಡಬ್ಬಿ ಚಟ್ನಿಯನ್ನೂ ಕಾರವಾರಕ್ಕೆ ಮಾರುತ್ತೇವೆಂದರೆ 30ರಿಂದ 29ಕ್ಕೆ ನೆಗೆದಂತೆ. ಅಂಥ ಸಾಹಸಕ್ಕೆ ಜಿಎಸ್‌ಟಿ ನೋಂದಣಿಯ ನಂಬರ್ ಬೇಡವೆ?

ಇದಕ್ಕೊಂದು ಕಾರಣವಿದೆ, ಅದನ್ನೂ ಹೇಳಿಬಿಡಬೇಕು. ಜಿಎಸ್‌ಟಿಯಲ್ಲಿ ತೆರಿಗೆ ಸೇರಬೇಕಾದ್ದು ಸರಕು ತಯಾರಾದ ರಾಜ್ಯಕ್ಕಲ್ಲ, ತಿಂದು ಮುಗಿಸುವ ರಾಜ್ಯಕ್ಕೆ. ನಿಪ್ಪಾಣಿಯವರು ತಿಂದ ಚಟ್ನಿಯಲ್ಲಿ ಕರ್ನಾಟಕದ ಪಾಲು ಕರ್ನಾಟಕಕ್ಕೆ ಮುಟ್ಟಬೇಕು. ನ್ಯಾಯವೇ. ಚಟ್ನಿಪುಡಿಗೆ ತೆರಿಗೆ ಶೇಕಡ 5. ಪೊಟ್ಟಣಕ್ಕೆ 120 ರೂಪಾಯಿ ಬೆಲೆ ಅಂದರೆ ತೆರಿಗೆ 6 ರೂಪಾಯಿ. ಅರ್ಧ ಕೇಂದ್ರಕ್ಕೆ, ಅರ್ಧ ಕರ್ನಾಟಕಕ್ಕೆ. ವಿಧಾನಸೌಧಕ್ಕೆ ಸಲ್ಲಬೇಕಾದ ಆ 3 ರೂಪಾಯಿ ದಾರಿಯಲ್ಲಿ ಕಳೆದುಹೋಗಬಾರದೆಂದು ಮುಲುಂಡ್‌ನ ಅಡುಗೆಮನೆಯ ಅಕ್ಷಾಂಶ ರೇಖಾಂಶಗಳನ್ನು ಸರಕಾರ ಬರೆದಿಟ್ಟುಕೊಳ್ಳುತ್ತದೆ. ಇಷ್ಟು ಕಾಳಜಿಯನ್ನು ಕೃಷ್ಣಾ ನೀರಿನ ಬಗ್ಗೆ ತೋರಿಸಿದ್ದರೆ ಅರ್ಧ ವ್ಯಾಜ್ಯ ಇರುತ್ತಿರಲಿಲ್ಲ.

ಕಾಕುಗೆ ನಾನು ಒಂದು ಉಪಾಯವನ್ನೂ ಸೂಚಿಸಿದೆ. ಸೇವೆಗಳಿಗೆ ಈ ಗಡಿಯ ಕಾಟ ಇಲ್ಲ. 2017ರಿಂದಲೇ ಅಧಿಸೂಚನೆ ಇದೆ: ಸೇವೆ ಒದಗಿಸುವವರು ವರ್ಷಕ್ಕೆ 20 ಲಕ್ಷ ಮೀರದಿದ್ದರೆ ಯಾವ ರಾಜ್ಯದವರಿಗೂ ಒದಗಿಸಬಹುದು, ನೋಂದಣಿ ಬೇಡ. ಅಂದರೆ ಕಾಕು ಚಟ್ನಿ ಮಾಡುವುದನ್ನು ವಿಡಿಯೊದಲ್ಲಿ ಕುಳಿತು ಇಡೀ ಉತ್ತರ ಕರ್ನಾಟಕಕ್ಕೆ ಫೀಸು ತೆಗೆದುಕೊಂಡು ಕಲಿಸಬಹುದು. ಚಟ್ನಿಯನ್ನು ಮಾತ್ರ ಕಳಿಸುವ ಹಾಗಿಲ್ಲ. ಧಾರವಾಡದವರಿಗೆ ಶೇಂಗಾ ಚಟ್ನಿ ಕಲಿಸಿ ಕಾಸು ಕೇಳುವುದೇ? ಕಾಕು ನನ್ನ ಮುಖ ನೋಡಿದ ರೀತಿಗೆ ಆ ಉಪಾಯ ಅಲ್ಲೇ ಸತ್ತಿತು.

ಇನ್ನೊಂದು ದಾರಿ ಇತ್ತು, ಅದನ್ನು ಹುಡುಕಿದ್ದು ಕಾಕುವಿನ ಯಜಮಾನರು, ಕಾಕಾ. ಬೆಳಗಾವಿ, ನಿಪ್ಪಾಣಿ ನಮಗೆ ಸೇರಬೇಕೆಂದು ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಗಿದ್ದು 2004ರಲ್ಲಿ. ಭಾಷಣಗಳಲ್ಲಿ ಆ ಊರುಗಳು ಇವತ್ತಿಗೂ ಇಲ್ಲಿಯವೇ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾತ್ರ ಒಂದು ಚೂರೂ ತಕರಾರಿಲ್ಲದೆ 29. ಕೇಸು ಮಹಾರಾಷ್ಟ್ರದ ಕಡೆ ಆದರೆ ನಿಪ್ಪಾಣಿಯ ಆರ್ಡರಿಗೆ ನಂಬರೇ ಬೇಕಾಗುವುದಿಲ್ಲ ಎಂದು ಕಾಕಾ ಲೆಕ್ಕ ಹಾಕಿದರು. “ನನ್ನ ಚಟ್ನಿ ಸಲುವಾಗಿ ಬೆಳಗಾವಿ ಬಿಟ್ಟುಕೊಡಾಕ ಆಗಂಗಿಲ್ಲ” ಎಂದು ಕಾಕು ವಿಷಯ ಮುಗಿಸಿದರು. ಮಹಾಜನ್ ಆಯೋಗದ ವರದಿ ಬಂದ 1967ರಿಂದ ಈ ವಿವಾದದಲ್ಲಿ ಇಷ್ಟು ಖಚಿತವಾಗಿ ಯಾರೂ ಮಾತಾಡಿದ್ದು ನನಗೆ ಗೊತ್ತಿಲ್ಲ.

ಹಾಗಾದರೆ ನಂಬರ್ ತೆಗೆಸುವುದೇ ಸರಿ. ತೆಗೆಸುವ ಮೊದಲು ಯಾವ ಸರಕಿಗೆ ಎಷ್ಟು ತೆರಿಗೆ ಎಂದು ಗೊತ್ತಿರಬೇಕಲ್ಲ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟಗಳಿಗೆ ತೆರಿಗೆ ಶೂನ್ಯ. ಅದಕ್ಕೂ ಮುಂಚೆ ರೊಟ್ಟಿ ಬೇರೆ, ಪರೋಟ ಬೇರೆ ಎಂದು ಸಾಧಿಸಲು ದೊಡ್ಡದೊಡ್ಡವರು ತಲೆ ಕೆಡಿಸಿಕೊಂಡಿದ್ದರು. 2020ರಲ್ಲಿ, ತೆರಿಗೆಯ ಅನುಮಾನಗಳಿಗೆ ಮುಂಚಿತವಾಗಿ ತೀರ್ಪು ಕೊಡುವ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ ಪರೋಟ ರೊಟ್ಟಿಯಲ್ಲ, 18 ಪರ್ಸೆಂಟ್ ಕಟ್ಟಿ ಎಂದಿತ್ತು. ಈಗ ಇಬ್ಬರೂ ಅಣ್ಣತಮ್ಮಂದಿರು. ಹಪ್ಪಳ ಮೊದಲಿನಿಂದಲೂ ಶೂನ್ಯ. ಅದರ ಅಧಿಸೂಚನೆಯ ಒಕ್ಕಣೆಯನ್ನು ನಾನು ಆಗಾಗ ಸುಮ್ಮನೆ ಓದುತ್ತೇನೆ: ಯಾವ ಹೆಸರಿನಿಂದ ಕರೆದರೂ ಹಪ್ಪಳಕ್ಕೆ ವಿನಾಯಿತಿ, ತಿನ್ನಲು ಬಡಿಸಿದಾಗ ಹೊರತು. 2021ರಲ್ಲಿ ಒಬ್ಬ ಉದ್ಯಮಿ ದುಂಡು ಹಪ್ಪಳಕ್ಕೆ ತೆರಿಗೆಯಿಲ್ಲ, ಚೌಕ ಹಪ್ಪಳಕ್ಕಿದೆ ಎಂದು ಟ್ವಿಟರ್‌ನಲ್ಲಿ ಅಣಕಿಸಿದಾಗ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಅಧಿಸೂಚನೆಯ ಕ್ರಮಸಂಖ್ಯೆ ಸಮೇತ ಉತ್ತರ ಕೊಟ್ಟಿತ್ತು: ಆಕಾರ ನೋಡಿ ಭೇದ ಮಾಡುವುದಿಲ್ಲ. ಸಂವಿಧಾನದ ಸಮಾನತೆ ಹಪ್ಪಳದವರೆಗೆ ಇಳಿದುಬಂದ ದಿನ ಅದು.

ಉಳಿದದ್ದು ಸಂಡಿಗೆ. ಇಲ್ಲಿ ನಿಜವಾದ ತೊಡಕು. ಹಸಿ ಹಿಟ್ಟನ್ನು ಅಚ್ಚಿನಿಂದ ಒತ್ತಿ ತೆಗೆದು ಒಣಗಿಸಿದ, ಕರಿಯದ ತಿನಿಸುಗಳಿಗೆ 2023ರ ಜುಲೈಯಲ್ಲಿ ಜಿಎಸ್‌ಟಿ ಕೌನ್ಸಿಲ್ 18ರಿಂದ 5ಕ್ಕೆ ತೆರಿಗೆ ಇಳಿಸಿತು. ದೊಡ್ಡ ಕಾರ್ಖಾನೆಗಳ ಕೊಳವೆಯಾಕಾರದ ತಿನಿಸುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದೇ ಇರಬೇಕು. ಆದರೆ ಕಾಕು ಸಂಡಿಗೆ ಹಾಕುವುದೂ ಚಕ್ಕಲಿ ಒರಳಿನಲ್ಲಿ ಒತ್ತಿಯೇ. ಲಟ್ಟಿಸಿದರೆ ಹಪ್ಪಳ, ಸೊನ್ನೆ, ಒತ್ತಿದರೆ ಐದೋ? ಒರಳಿನ ಹಿಡಿ ತಿರುಗಿಸುವ ಕಾಕಾ ಯಂತ್ರೋಪಕರಣದಲ್ಲಿ ಬರುತ್ತಾರೋ ಕಾರ್ಮಿಕರಲ್ಲೋ? ಚಮಚದಲ್ಲಿ ಬಿಟ್ಟ ಅರಳು ಸಂಡಿಗೆ ತೆರಿಗೆ ಪಟ್ಟಿಯ ಯಾವ ಅಧ್ಯಾಯಕ್ಕೆ? ಲೆಕ್ಕದ ಕೆಲಸ ಮಾಡಿಕೊಡುವ ಹುಡುಗ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಡಿಗೆ ತೆಗೆದುಬಿಡೋಣ” ಅಂದ. ಹೀಗೆ ತಲೆತಲಾಂತರದ ತಿಂಡಿಯೊಂದು ಅಂಗಡಿಯಿಂದ ಹೊರಬಿತ್ತು.

ಅಂದಹಾಗೆ, ಬರೀ ರೊಟ್ಟಿ ಹಪ್ಪಳ ಮಾರಿದ್ದರೆ ನೋಂದಣಿಯೇ ಬೇಕಿರಲಿಲ್ಲ. ಪೂರ್ತಿ ವಿನಾಯಿತಿಯ ಸರಕು ಮಾರುವವರನ್ನು 23ನೇ ಸೆಕ್ಷನ್ ಬಿಟ್ಟುಬಿಡುತ್ತದೆ. ಚಟ್ನಿಯಿಲ್ಲದ ರೊಟ್ಟಿ ನಿರಪರಾಧಿ. ಆದರೆ ಚಟ್ನಿಯಿಲ್ಲದೆ ಕಟಕ ರೊಟ್ಟಿ ತಿನ್ನುವವನನ್ನು ಉತ್ತರ ಕರ್ನಾಟಕದಲ್ಲಿ ಯಾರಾದರೂ ಕಂಡಿದ್ದೀರಾ?

ಅರ್ಜಿಯ ವಿಷಯಕ್ಕೆ ಬರೋಣ. ಅದು ಪೂರ್ತಿ ಆನ್‌ಲೈನ್, ಸರಕಾರಕ್ಕೆ ಒಂದು ಪೈಸೆ ಶುಲ್ಕವಿಲ್ಲ. ಪ್ಯಾನ್, ಮೊಬೈಲ್, ಇಮೇಲ್ ಕೊಟ್ಟು ಓಟಿಪಿ ಹಾಕಿದರೆ ತಾತ್ಕಾಲಿಕ ನಂಬರ್ ಸಿಗುತ್ತದೆ. 15 ದಿನಗಳೊಳಗೆ ಉಳಿದದ್ದನ್ನು ತುಂಬಬೇಕು. ‘ವ್ಯವಹಾರದ ಸ್ವರೂಪ’ ಎಂಬಲ್ಲಿ ಆಯ್ಕೆಗಳು ಧಾರಾಳ: ಕಾರ್ಖಾನೆ, ಸಗಟು, ಆಮದು, ರಫ್ತು, ಬಾಂಡೆಡ್ ಗೋದಾಮು. ಮಂಚದ ಕೆಳಗೆ ಸ್ಟೀಲ್ ಡಬ್ಬಿಯಲ್ಲಿ ಎಂಬುದಿಲ್ಲ. ರಾಜ್ಯದ ವಿಶೇಷ ಮಾಹಿತಿ ಎಂಬ ಪುಟದಲ್ಲಿ ವೃತ್ತಿ ತೆರಿಗೆ ನಂಬರಿನ ಜೊತೆ ಅಬಕಾರಿ ಲೈಸೆನ್ಸ್ ನಂಬರಿಗೂ ಜಾಗ ಬಿಟ್ಟಿದ್ದಾರೆ, ಆ ಲೈಸೆನ್ಸ್ ಯಾರ ಹೆಸರಿನಲ್ಲಿದೆ ಎಂದು ಬರೆಯಲು ಇನ್ನೊಂದು ಖಾನೆ. ತುಂಬಲೇಬೇಕು ಅಂತೇನಿಲ್ಲ. ಆದರೂ ಏಕಾದಶಿ ತಪ್ಪಿಸದ ಕಾಕು ಆ ಖಾನೆಯನ್ನು ಖಾಲಿ ಬಿಡುವಾಗ “ಇದ್ದರ ಛಲೋ ಇತ್ತೇನು?” ಎಂದು ಕೇಳಿದ್ದು ಹೌದು.

ಹೆಸರು ಇನ್ನೊಂದು ಕಥೆ. ಮದುವೆಗೆ ಮುಂಚಿನ ಪ್ಯಾನ್‌ನಲ್ಲಿ ಅಪ್ಪನ ಊರು, ಮುಂಬೈಯಲ್ಲಿ ಮಾಡಿಸಿದ ಆಧಾರ್‌ನಲ್ಲಿ ಇಲ್ಲಿಯ ಪದ್ಧತಿಯಂತೆ ನಡುವೆ ಗಂಡನ ಹೆಸರು. ಎರಡೂ ಒಬ್ಬರೇ ಎಂದು ಕಂಪ್ಯೂಟರ್ ಒಪ್ಪಲಿಲ್ಲ. ಅದನ್ನು ಸರಿಪಡಿಸಿ ಬಂದರೆ ಜಾಗದ ದಾಖಲೆ. ಲೈಟ್ ಬಿಲ್ ಬರುವುದು ಕಾಕುವಿನ ಮಾವನ ಹೆಸರಿಗೆ, ಮತ್ತು ಮಾವ ತೀರಿಕೊಂಡು ಬಹಳ ಕಾಲವಾಯಿತು. ಬೇರೆಯವರ ಹೆಸರಿನ ಜಾಗವಾದರೆ ಅವರ ಒಪ್ಪಿಗೆ ಪತ್ರ ಲಗತ್ತಿಸಬೇಕು. ಪಿತೃಪಕ್ಷ ಆಗತಾನೇ ಮುಗಿದಿತ್ತು, ಇಲ್ಲದಿದ್ದರೆ ಕೇಳಿನೋಡಬಹುದಿತ್ತು. ಕೊನೆಗೆ ಕಾಕಾನ ಹೆಸರಿನ ಪ್ರಾಪರ್ಟಿ ಟ್ಯಾಕ್ಸ್ ರಸೀದಿ ಸಿಕ್ಕಿ ಮಾವನವರಿಗೆ ಬಿಡುಗಡೆಯಾಯಿತು.

ಅಧಿಕಾರಿಗಳು ಏನೇನು ಕೇಳಬಾರದು ಎಂದೂ ಒಂದು ಪಟ್ಟಿ ಇದೆ. 2025ರ ಏಪ್ರಿಲ್ 17ರಂದು ಪರೋಕ್ಷ ತೆರಿಗೆ ಮಂಡಳಿಯೇ ತನ್ನ ಅಧಿಕಾರಿಗಳಿಗೆ ಸೂಚನೆ ಹೊರಡಿಸಿತು: ಊಹೆಯ ಮೇಲೆ ಪ್ರಶ್ನೆ ಎತ್ತಬೇಡಿ. ಅರ್ಜಿದಾರರ ಮನೆ ಬೇರೆ ಊರಿನಲ್ಲಿ ಯಾಕಿದೆ ಎನ್ನಬೇಡಿ, ಈ ಜಾಗದಲ್ಲಿ ಈ ವ್ಯಾಪಾರ ಹೇಗೆ ನಡೆದೀತು ಎನ್ನಬೇಡಿ, ಮನೆ ಮಾಲೀಕರ ಆಧಾರ್, ಪ್ಯಾನ್, ಫೋಟೊ ಕೇಳಬೇಡಿ. ಇಷ್ಟು ವಿವರವಾಗಿ ಬೇಡ ಎನ್ನಬೇಕಾದರೆ ಅದಕ್ಕೆ ಮುಂಚೆ ಎಷ್ಟು ವಿವರವಾಗಿ ಕೇಳುತ್ತಿದ್ದಿರಬೇಕು! ಕಾಕುಗೆ ಬಂದ ನೋಟಿಸು ಆ ಸೂಚನೆಯನ್ನು ಅಕ್ಷರಶಃ ಪಾಲಿಸಿತ್ತು. ವ್ಯಾಪಾರ ಹೇಗೆ ನಡೆದೀತು ಎಂದು ಕೇಳಿರಲಿಲ್ಲ. ವ್ಯಾಪಾರದ ಜಾಗ ‘ಸ್ಪಷ್ಟವಾಗಿಲ್ಲ’ ಎಂದಿತ್ತು. ಕಳಿಸಿದ್ದು ಅಡುಗೆಮನೆಯ ಫೋಟೊ. ಕಾಕುವಿನ ಅಡುಗೆಮನೆಗಿಂತ ಸ್ಪಷ್ಟವಾದ ಜಾಗ ಮುಂಬೈಯಲ್ಲಿ ಎಲ್ಲಿದೆಯೋ ನನಗೆ ಕಾಣೆ.

ಅಂಗಡಿಯೇ ಇಲ್ಲದ ಅಂಗಡಿಗೆ ಬಾಗಿಲು ತೋರಿಸಿ ಎಂದರೆ ಏನು ಮಾಡುವುದು? ಬಾಗಿಲಿಗೂ ನಿಯಮವಿದೆ, 18ನೆಯದು. ನೋಂದಣಿಯಾದವರು ಪ್ರಮಾಣಪತ್ರವನ್ನು ಕಾಣುವ ಜಾಗದಲ್ಲಿ ತೂಗುಹಾಕಬೇಕು, ಪ್ರವೇಶದ್ವಾರದ ನಾಮಫಲಕದಲ್ಲಿ 15 ಅಕ್ಷರದ ನಂಬರ್ ಬರೆಸಬೇಕು. ಸೊಸೈಟಿಯ ಮೀಟಿಂಗಿನಲ್ಲಿ ಇದರ ಚರ್ಚೆ ಪಾರ್ಕಿಂಗ್ ಜಗಳಕ್ಕಿಂತ ಉದ್ದ ನಡೆಯಿತು. ಬೋರ್ಡ್ ಹಾಕಿದರೆ ಫ್ಲ್ಯಾಟು ಕಮರ್ಷಿಯಲ್ ಆಯಿತು, ಮೆಂಟೆನೆನ್ಸ್ ಏರಿಸಬೇಕು ಎಂದು ಸೆಕ್ರೆಟರಿ. ಹಾಕದಿದ್ದರೆ ದಂಡ ಎಂದು ಲೆಕ್ಕದ ಹುಡುಗ. ಬೋರ್ಡಾದರೆ ಮರಾಠಿಯಲ್ಲಿರಬೇಕು ಎಂದು ಎರಡನೇ ಮಹಡಿ. ಕಾಕಾ ಮೂವತ್ತು ವರ್ಷದಿಂದ ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಿಕೊಂಡಿದ್ದ ತಮ್ಮ ಹೆಸರನ್ನು ಯಾರಾದರೂ ಗಮನಿಸಿಯಾರೆಂದು ಬಾಯಿ ಬಿಡಲಿಲ್ಲ.

2017ರ ಜೂನ್ 30ರ ನಡುರಾತ್ರಿ ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ‘ಒಂದು ದೇಶ, ಒಂದು ತೆರಿಗೆ’ ಉದ್ಘಾಟನೆಯಾದಾಗ ಮುಂಬೈ ಮಹಾನಗರಪಾಲಿಕೆಯ ಜಕಾತಿಯೂ ಮುಗಿಯಿತು, ನಮ್ಮ ಮುಲುಂಡ್ ನಾಕಾದಲ್ಲಿ ಮೈಲುಗಟ್ಟಲೆ ನಿಲ್ಲುತ್ತಿದ್ದ ಲಾರಿಗಳ ಸಾಲು ಕರಗಿತು. ನಾವೆಲ್ಲ ಖುಷಿಪಟ್ಟೆವು. ನಾಕಾ ಎದ್ದು ಬಂದು ಲ್ಯಾಪ್‌ಟಾಪಿನಲ್ಲಿ ಕೂರುತ್ತದೆಂದು ಯಾರಿಗೆ ಗೊತ್ತಿತ್ತು? 2025ರ ನವೆಂಬರ್ 1ರಿಂದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನಂಬರ್ ಕೊಡುವ ಹೊಸ ದಾರಿ ತೆರೆದಿದ್ದಾರೆ, ಒಳ್ಳೆಯದೇ. ಕಾಕು ಅರ್ಜಿ ಹಾಕಿದ್ದು ದಸರೆ ಮುಗಿದ ಕೂಡಲೇ. ಅವಸರ ಮಾಡಿದವರು ಹಳೇ ಸಾಲಿನಲ್ಲೇ ನಿಲ್ಲಬೇಕು.

ದೀಪಾವಳಿಗೆ ಮುಂಚೆ ಸ್ಥಳ ಪರಿಶೀಲನೆಗೆ ಸಾಹೇಬರು ಬಂದರು. ಚಪ್ಪಲಿ ಹೊರಗೆ ಬಿಟ್ಟು, ಮೊಬೈಲಿನಲ್ಲಿ ಬಾಗಿಲು, ಒಲೆ, ಡಬ್ಬಿಗಳ ಫೋಟೊ ತೆಗೆದರು. ಸಭ್ಯರು. ಅಡುಗೆಮನೆ ಅಸ್ತಿತ್ವದಲ್ಲಿದೆ ಎಂಬುದು ಅವರಿಗೆ ಮನವರಿಕೆಯಾದಂತೆ ಕಂಡಿತು. ಕಾಕು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಎಣ್ಣೆ ಬಿಟ್ಟುಕೊಟ್ಟರು. ಬೇಡ ಎನ್ನುತ್ತಲೇ ತಿಂದ ಸಾಹೇಬರು ಅರ್ಧ ಕಿಲೋ ಬೇಕೆಂದು ಪರ್ಸ್ ತೆಗೆದರು. ನಾನು ಗಾಬರಿಯಾಗಿ ಕಾಕುವಿಗೆ ಕಣ್ಸನ್ನೆ ಮಾಡಿದೆ. ನಂಬರ್ ಇನ್ನೂ ಬಂದಿಲ್ಲವಲ್ಲ.

ಕಾಕು ತೂಕ ಮಾಡಿ ಕೊಟ್ಟೇಬಿಟ್ಟರು. “ತಗೋರಿ ಸಾಹೇಬ್ರ, ನೀವು ಠಾಣೆದಾವ್ರು. ನಿಮಗ ಮಾರಾಕ ನಂಬರ್ ಬ್ಯಾಡ.”

ಸಾಹೇಬರು ಒಂದು ಕ್ಷಣ ಯೋಚಿಸಿ ತಲೆಯಾಡಿಸಿದರು. ಕಾನೂನು ಸರಿಯಾಗಿತ್ತು. ಹೊರಡುವಾಗ ಬಾಗಿಲ ಬಳಿ ತಿರುಗಿ, ಇನ್ನೊಂದು ಅರ್ಧ ಕಿಲೋ ಇಂದೂರಿನಲ್ಲಿರುವ ಮಗಳಿಗೆ ಮಾರಿ ಕುರಿಯರ್ ಮಾಡಬಹುದೇ, ದುಡ್ಡು ಈಗಲೇ ಕೊಡುತ್ತೇನೆ ಎಂದರು.

“ಅದಕ್ಕ ನೀವು ಮೊದಲ ನನ್ನ ಅರ್ಜಿ ಪಾಸ್ ಮಾಡಬೇಕಾಕ್ಕತ್ರಿ” ಅಂದರು ಕಾಕು.