ತೂಕ ಏರಿದ್ದೆಲ್ಲ ಚೇತರಿಕೆ ಅಲ್ಲ

‘ಕಿಡ್ನಿ ಕಾಯಿಲೆಯ ಮಗು ದಪ್ಪಗಾದರೆ ಗುಣವಾದಂತೆ, ರಕ್ತನಾಳದ ತೊಂದರೆ ವಯಸ್ಸಾದವರಿಗೆ ಮಾತ್ರ’ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ತೂಕದ ಯಂತ್ರ ಕೊಬ್ಬು, ಸ್ನಾಯು, ನೀರು ಎಲ್ಲವನ್ನೂ ಒಟ್ಟಿಗೇ ತೂಗುತ್ತದೆ. ಕಿಡ್ನಿ ಸೋತಾಗ ಮೈಯಲ್ಲಿ ನೀರು ನಿಲ್ಲಬಹುದು. ಆಗ ಸ್ನಾಯು ಕರಗುತ್ತಿದ್ದರೂ ಮುಳ್ಳು ಮೇಲೇರುತ್ತದೆ. ಕೆಲವು ಕಿಡ್ನಿ ಕಾಯಿಲೆಗಳಿಗೆ ಕೊಡುವ ಸ್ಟೀರಾಯ್ಡ್ ಔಷಧಿಯಿಂದ ಕೆನ್ನೆ ಉಬ್ಬಿದರೆ ಅದೂ ಪುಷ್ಟಿಯಲ್ಲ, ಅಲ್ವಾ?

ಇನ್ನು ರಕ್ತನಾಳ. ಬಿಪಿ, ರಕ್ತದ ಫಾಸ್ಫೇಟ್ (ಕಿಡ್ನಿ ಹೊರಹಾಕುವ ಒಂದು ಲವಣ) ಜಾಸ್ತಿಯಾದರೆ ಮಕ್ಕಳ ನಾಳವೂ ಗಡುಸಾಗಬಹುದು. ಯುರೋಪಿನ 12 ದೇಶಗಳ ‘4ಸಿ’ ಅಧ್ಯಯನದಲ್ಲಿ, 6ರಿಂದ 17 ವರ್ಷದ ಹಲವು ಕಿಡ್ನಿ ರೋಗಿಗಳ ಕತ್ತಿನ ರಕ್ತನಾಳದ ಗೋಡೆ ದಪ್ಪಗಾಗಿದ್ದು ಕಂಡಿತು.

ಹಾಗಂತ ಸುಮ್ನೆ ಊಟ ಕಡಿಮೆ ಮಾಡಿಸಬೇಡಿ. ಬಿಪಿ ನೋಡಿಸುತ್ತಿರಿ; ಪಥ್ಯವನ್ನು ಮಕ್ಕಳ ಕಿಡ್ನಿ ವೈದ್ಯರೇ ಹೇಳಲಿ.